ಚಾವಿ ತೆಗೆದರೂ ನಿಲ್ಲದ ಗಾಡಿ

ನನ್ನ ಮೊಮ್ಮಗಳು ಮಾತಾಡಿದಳು!

ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಐದು ತುಂಬಲು ಇನ್ನೂ ಎರಡು ತಿಂಗಳಿರುವ ಹುಡುಗಿ, ಹುಟ್ಟಿದಾಗಿನಿಂದ ಅಳು ನಗು ಬಿಟ್ಟರೆ ಬಾಯಿಂದ ಒಂದು ಮಾತು ಹೊರಡದ ಹುಡುಗಿ, ಮೊನ್ನೆ ಶನಿವಾರ ನನ್ನ ಗ್ಯಾರೇಜಿನಲ್ಲಿ ನಾಲ್ಕು ಜನ ಕೇಳುವ ಹಾಗೆ ಮಾತಾಡಿದಳು. ನಾಲ್ಕೇ ಮಾತು. ಆ ನಾಲ್ಕು ಮಾತನ್ನು ಬೆಲ್ಲದ ಹರಳಿನ ಹಾಗೆ ಬಾಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೈಗೆ ನಟ್ಟು ಬಿಚ್ಚುವ ಪಾನಾ ಹಿಡಿದಷ್ಟು ಸಲೀಸಲ್ಲ. ಆದರೂ ಬರೆಯದಿದ್ದರೆ ಹೊಟ್ಟೆ ಒಡೆದುಹೋದೀತು.

ಆದರೆ ಆ ಮಾತು ಬಂದ ದಾರಿ ನೆನೆದರೆ ಈಗಲೂ ಮೈಮೇಲೆ ಮುಳ್ಳೇಳುತ್ತದೆ.

ನಮ್ಮದು ಸುರಪುರದಿಂದ ಕೆಂಭಾವಿಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜು. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಮಗಳು ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತಳು, ಅಳಿಯ ರಾಮಸಮುದ್ರದ ಶಾಲೆಯಲ್ಲಿ ಮಾಸ್ತರ. ಇಬ್ಬರೂ ಬೆಳಗಾದರೆ ಬಸ್ಸು ಹಿಡಿಯುವವರು. ಹಾಗಾಗಿ ಮೊಮ್ಮಗಳು ಆರು ತಿಂಗಳಿನಿಂದ ನಮ್ಮ ಹತ್ತಿರ, ಮುತ್ಯಾ ಆಯಿಯ ಕೈಯಲ್ಲಿ, ಇದ್ದಾಳೆ. ಪ್ರತಿ ಶನಿವಾರ ಸಂಜೆ ಅವರಿಬ್ಬರೂ ಬಂದು ಅವಳನ್ನು ನೋಡಿಕೊಂಡು ಹೋಗುತ್ತಾರೆ. ಡಾಕ್ಟರು ಕಿವಿ ಸರಿ ಇದೆ, ನಾಲಿಗೆ ಸರಿ ಇದೆ, ಬುದ್ಧಿಯಂತೂ ಬೇಕಾದಷ್ಟಿದೆ, ಕಾಯಬೇಕು ಎಂದಿದ್ದರು. ಕಾಯುವುದು ಕಷ್ಟವಲ್ಲ. ಜನರ ಬಾಯಿ ಕಷ್ಟ.

ಜನ ಬೆರಳು ಮಾಡಿ ತೋರಿಸುತ್ತಿದ್ದುದು ಒಂದು ಡೀಸೆಲ್ ಪಿಕಪ್ಪಿನ ಕಡೆಗೆ. ಅದರ ಹಿಂದೆ ಯಾರೂ ಕಾಯಿಪಲ್ಯ ಹೇರುವುದಿಲ್ಲ. ಅಲ್ಲಿ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆ ಇರುತ್ತದೆ. ಕಲಬುರಗಿ, ರಾಯಚೂರಿನ ದವಾಖಾನೆಗಳಲ್ಲಿ ತೀರಿಕೊಂಡವರನ್ನು ಅವರವರ ಊರಿಗೆ ಮುಟ್ಟಿಸುವ ಗಾಡಿ ಅದು. ಹೆಣದ ಗಾಡಿ ಎಂದರೆ ಸುತ್ತಲಿನ ಎಲ್ಲರಿಗೂ ಗೊತ್ತು. ಬೇರೆ ಗ್ಯಾರೇಜಿನವರು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಬಿಟ್ಟುಕೊಂಡೆ. ಸತ್ತವರು ದಾರಿಯಲ್ಲಿ ನಿಲ್ಲಬಾರದು ಎನ್ನುವುದೊಂದೇ ನನ್ನ ಲೆಕ್ಕ. ಅದು ಬಂದ ಮೊದಲ ದಿನವೇ ಹೆಂಡತಿ ಒಂದು ಕಟ್ಟು ಹಾಕಿದ್ದಳು: ಆ ಗಾಡಿ ಮುಟ್ಟಿದ ದಿನ ಸ್ನಾನ ಮಾಡದೆ ಕೂಸನ್ನು ಮುಟ್ಟಬಾರದು. ನಾನು ಮುಟ್ಟುತ್ತಿರಲಿಲ್ಲ.

ಒಂದು ಸಲ ಬಿಟ್ಟು. ಮಗಳು ಬಾಣಂತನಕ್ಕೆ ಬಂದಿದ್ದಾಗ, ಆ ಗಾಡಿ ಮೊಟ್ಟಮೊದಲು ನಮ್ಮ ಶೆಡ್ಡಿಗೆ ಬಂದ ದಿನ, ಒಳಗೆ ಕೂಸು ಅತ್ತಿತು. ಹತ್ತಿರ ಯಾರೂ ಇರಲಿಲ್ಲ. ನಾನು ಅದರ ಎಂಜಿನ್ ಬಿಟ್ಟು ಎದ್ದು ಹೋಗಿ, ಕೈ ಒರೆಸಿಕೊಂಡು ಎತ್ತಿಕೊಂಡುಬಿಟ್ಟೆ. ಹನ್ನೊಂದು ದಿನದ ಕೂಸು. ಎತ್ತಿದೊಡನೆ ಸುಮ್ಮನಾಯಿತು. ಆ ಸುಮ್ಮನಾದದ್ದು ಐದು ವರ್ಷ ಹಾಗೆಯೇ ಉಳಿಯಿತೇನೋ ಎಂದು ನನ್ನ ಎದೆಯಲ್ಲಿ ಒಂದು ಮಾತು ಕೂತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಗಾಡಿ ಬಂತು. ಬಾಜೂಕಿನ ಪಂಕ್ಚರ್ ಅಂಗಡಿಯವನು ಟ್ಯೂಬು ನೀರಿಗೆ ಹಾಕುತ್ತಲೇ ಕೂಗಿದ:

"ಮಿಸ್ತ್ರಿ, ನಿಮ್ಮ ಗಿರಾಕಿ ಬಂತು ನೋಡ್ರಿ. ಹಾರನ್ ಇಲ್ದೇ ಬರ್ತದ, ಹೇಳ್ದೇ ಹೋಗ್ತದ."

"ನಿನ್ನೂ ಒಂದಿನ ಕರ್ಕೊಂಡು ಹೋಗ್ತದ, ಸುಮ್ನ ಗಾಳಿ ಹೊಡಿ," ಎಂದೆ.

ಗಾಡಿಯವನು ಇಳಿದ. ನಲವತ್ತರ ಒಳಗಿನ ಮನುಷ್ಯ. ಸತ್ತವರ ಜೊತೆ ದಾರಿ ನಡೆದು ನಡೆದು ದನಿ ಎತ್ತುವುದನ್ನೇ ಮರೆತಿದ್ದಾನೆ.

"ಮಿಸ್ತ್ರಿ ಕಾಕಾ, ಸರ್ವೀಸ್ ಟೈಮ್ ಆಗ್ಯಾದ. ನಿನ್ನೆ ಶಹಾಪುರದ ಮಲಗಿದ ಬುದ್ಧನ ಗುಡ್ಡದ ಹತ್ರ ಬಂದಕೂಡ್ಲೆ ದಮ್ಮು ಹಿಡದಂಗ ಮಾಡ್ತು. ಹಿಂದಿನಿಂದ ಯಾರೋ ಜಗ್ಗಿದಂಗ."

"ಹಿಂದ ಯಾರಿದ್ರು?"

"ಒಬ್ಬಾಕಿ ಹೆಣ್ಮಗಳು. ಸಣ್ಣಾಕಿ." ಅವನು ನೆಲ ನೋಡಿದ. "ಯಾಕವ್ವ, ಮನಿಗೆ ಹೋಗಾಕ ಒಲ್ಲೇನು ಅಂತ ಕೇಳ್ದೆ. ಆಮ್ಯಾಲ ಗಾಡಿ ಎಳೀತು."

ಹೆಂಡತಿ ನಡುಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವನು ಆಚೆ ಹೋದಮೇಲೆ ಮೆಲ್ಲಗೆ, "ಇವತ್ತ ಒಂದಿನ ಬ್ಯಾಡನ್ರಿ. ಸಂಜಿಕ ಮಗಳು ಬರ್ತಾಳ. ಈ ಗಾಡಿ ಇನ್ನೊಮ್ಮಿ ಇಲ್ಲಿ ಕಂಡ್ರ ಕೂಸಿನ್ನ ಕರ್ಕೊಂಡು ಹೋಗ್ತೀನಿ ಅಂದಾಳ, ನೆನಪದ ಇಲ್ಲೋ?" ಎಂದಳು.

"ಆಕಿ ಬರೋದ್ರಾಗ ಇದು ಹೋಗಿರ್ತದ," ಎಂದೆ. ಅವತ್ತಿನ ಮೊದಲ ತಪ್ಪು ಅದು.

ಕೆಲಸ ದಿನನಿತ್ಯದ್ದೇ. ಎಂಜಿನ್ ಎಣ್ಣೆ ಬದಲಿಸುವುದು, ಮೂರು ಫಿಲ್ಟರ್ ಬದಲಿಸುವುದು, ಬೆಲ್ಟು ನೋಡುವುದು. ಎಂಜಿನ್ ಬೆಚ್ಚಗಿದ್ದರೆ ಹಳೆಯ ಎಣ್ಣೆ ಹೊಲಸನ್ನೆಲ್ಲ ಹೊತ್ತುಕೊಂಡು ಇಳಿಯುತ್ತದೆ, ಆದ್ದರಿಂದ ಐದು ನಿಮಿಷ ನಡೆಸಿ ನಿಲ್ಲಿಸಿದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ. ಮುಂದೆ ಜಾಕ್ ಹಚ್ಚಿ ಎತ್ತಿ ಎರಡು ಕಟ್ಟಿಗೆ ದಿಮ್ಮಿಯ ಮೇಲೆ ಕೂಡಿಸಿದೆ. ಪೆಟ್ಟಿಗೆಯನ್ನು ಅವನು ಮನೆಯಲ್ಲೇ ಇಳಿಸಿ ಬಂದಿದ್ದ. ಆದರೂ ಅದು ಇದ್ದ ಜಾಗ, ಆಳುದ್ದಕ್ಕೆ, ಒದ್ದೆಯಾಗಿ ಹೊಳೆಯುತ್ತಿತ್ತು. ಊದುಬತ್ತಿಯ ವಾಸನೆ, ಫಿನಾಯಿಲಿನ ವಾಸನೆ, ಅದರ ಕೆಳಗೆ ಹೆಸರಿಲ್ಲದ ಒಂದು ತಣ್ಣನೆಯ ವಾಸನೆ.

ಮೊಮ್ಮಗಳು ಎಂದಿನಂತೆ ಬೋರಲು ಹಾಕಿದ ಡಬ್ಬಿಯ ಮೇಲೆ ಬಂದು ಕೂತಳು. ಎಷ್ಟು ಗಾಡಿ ಬಂದರೂ ಅಲ್ಲೇ ಕೂತು ನೋಡುತ್ತಾಳೆ. ಅಂದು ಮಾತ್ರ ನನ್ನ ಕೈ ನೋಡುತ್ತಿರಲಿಲ್ಲ. ಗಾಡಿಯ ಹಿಂಭಾಗದ ಆ ಒದ್ದೆ ಜಾಗದ ಕಡೆ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು.

ಡ್ರೇನ್ ನಟ್ ಬಿಚ್ಚಿದೆ. ಕರಿ ಎಣ್ಣೆ ತಗಡಿನ ಬುಟ್ಟಿಗೆ ಬಿತ್ತು. ಮೊದಲು ಹಗ್ಗದ ಹಾಗೆ, ಆಮೇಲೆ ದಾರದ ಹಾಗೆ, ಆಮೇಲೆ ಟಪ್, ಟಪ್ ಎಂದು ಹನಿ. ಹನಿ ಬಿದ್ದಾಗೊಮ್ಮೆ ಅವಳ ತುಟಿ ಅಲುಗಿತು. ಹೆಂಡತಿ ಬಾಗಿಲಿನಿಂದ ನೋಡಿ ನಿಂತುಬಿಟ್ಟಳು.

"ಯಾರ ಸಂಗಾಟ ಮಾತಾಡಾಕತ್ತದ ಅದು?"

"ಯಾರ ಸಂಗಾಟನೂ ಇಲ್ಲ. ಹೋಗು, ರೊಟ್ಟಿ ನೋಡು." ಹಾಗೆಂದೆ, ಆದರೆ ನಾನೂ ಒಮ್ಮೆ ಆ ಒದ್ದೆ ಜಾಗದ ಕಡೆ ತಿರುಗಿ ನೋಡಿದೆ.

ನಟ್ ಮತ್ತೆ ಬಿಗಿದು, ಎಣ್ಣೆ ಫಿಲ್ಟರ್ ಬಿಚ್ಚಿ, ಹೊಸದರ ರಬ್ಬರಿಗೆ ಹೊಸ ಎಣ್ಣೆ ಸವರಿ, ಕೈ ಬಿಗಿ ಹಾಕಿ ಕೂಡಿಸಿದೆ. ಡೀಸೆಲ್ ಫಿಲ್ಟರಿನ ತಳದ ನೀರು ಬಸಿದು ಅದನ್ನೂ ಬದಲಿಸಿದೆ. ಗಾಳಿ ಫಿಲ್ಟರಿನ ಡಬ್ಬಿ ತೆರೆದಾಗ ಕೈ ನಿಂತಿತು. ಒಳಗೆ ತುಂಬ ಚುರುಮುರಿ, ಅಂದರೆ ಮಂಡಕ್ಕಿ. ಮೆರವಣಿಗೆಯಲ್ಲಿ ಹೆಣದ ಮುಂದೆ ಎರಚಿದ್ದು, ಗಾಡಿ ಗಾಳಿಯೊಡನೆ ಒಳಗೆ ಎಳೆದುಕೊಂಡಿದೆ. ನಡುವೆ ಬಾಡಿದ ಚೆಂಡುಹೂವಿನ ಎಸಳು. ದಮ್ಮು ಕಟ್ಟಿದ್ದು ಇದಕ್ಕೇ. ಗುಡ್ಡದ ಹತ್ತಿರ ಹಿಂದಿನಿಂದ ಜಗ್ಗಿದ್ದು ಆ ಹೆಣ್ಣುಮಗಳಲ್ಲ, ಅವಳಿಗಿಂತ ಮುಂಚೆ ಹೋದ ಎಷ್ಟೋ ಜನರ ಚುರುಮುರಿ.

ನನ್ನ ಹತ್ತಿರ ಗಾಳಿ ಫಿಲ್ಟರ್ ಇರಲಿಲ್ಲ. ಗಾಡಿಯವನನ್ನು ಬಜಾರಿಗೆ ಕಳಿಸಿದೆ. ಡಬ್ಬಿ ಬಿಚ್ಚಿಟ್ಟು ಎಂಜಿನ್ನಿಗೆ ಗಾಳಿ ಹೋಗುವ ಪೈಪಿನ ಬಾಯಿಯನ್ನು ತೆರೆದೇ ಬಿಟ್ಟೆ. ಎಣ್ಣೆ ತುಂಬಲು ಹೋದೆ.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮಪ್ಪ ಕಣದಲ್ಲಿ ಜೋಳದ ರಾಶಿ ಅಳೆಯುವವನಾಗಿದ್ದ. ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು, ಆಮೇಲೆ ಎರಡು, ಮೂರು. ಅಳೆಯುವಾಗ ನಡುವೆ ಮಾತಾಡಬಾರದು. ಅಳೆದಾದ ಮೇಲೆ ಮುಗಿಯಿತು ಎನ್ನಬಾರದು, ಹುಲುಸಾತು ಎನ್ನಬೇಕು. ಅಳೆಯುವ ಕೈ ಬದಲಾದರೆ ಹೊಸ ಕೈಯವನು ಮತ್ತೆ ಲಾಭದಿಂದಲೇ ಶುರು ಮಾಡುತ್ತಿದ್ದ. ಹಳೆ ಕೈಯ ಲೆಕ್ಕಕ್ಕೆ ಕೇರುವ ಮರದಲ್ಲಿ ಅಳತೆಗೊಂದು ಹಿಡಿ ಜೋಳ ತೆಗೆದಿಡುತ್ತಿದ್ದರು. ನಾನು ಪಾನಾ ಹಿಡಿದರೂ ಈ ರೂಢಿ ಬಿಡಲಿಲ್ಲ. ಪೀಪಾಯಿಯಿಂದ ಎಣ್ಣೆಯನ್ನು ಲೀಟರ್ ಮಾಪಿನಲ್ಲಿ ಹಿಡಿದು ಹೀಗೇ ಅಳೆಯುತ್ತೇವೆ. ಸುರಿಯುವುದು ಹೆಂಡತಿಯ ಕೆಲಸ, ಅವಳ ಕೈ ನಡುಗುವುದಿಲ್ಲ. ಅಂದು ಅವಳು ರೊಟ್ಟಿಗೆ ಕೂತಿದ್ದಳು. ನಾನೇ ಶುರು ಮಾಡಿದೆ. ಆ ಎಂಜಿನ್ನಿಗೆ ಆರು ಲೀಟರ್.

"ಲಾಭ," ಎಂದು ಸುರಿದೆ. "ಎರಡು," ಎಂದು ಸುರಿದೆ. ಫೋನು ಹೊಡೆದುಕೊಂಡಿತು. ಮಗಳದು. ಮಾಪು ಕೆಳಗಿಟ್ಟು ರಸ್ತೆಗೆ ಬಂದೆ.

"ಯಪ್ಪಾ, ಆ ಗಾಡಿ ಬಂದದೇನು?"

"ಇಲ್ಲವ್ವ."

"ಖರೇ ಹೇಳು."

"ಇಲ್ಲಂದ್ರ ಇಲ್ಲ."

"ನಾ ಮೂಢನಂಬಿಕಿಯಾಕಿ ಅಲ್ಲ ಯಪ್ಪಾ. ಆದ್ರ ಕಚೇರ್‍ಯಾಗ ಎಲ್ಲರೂ ಅದೇ ಕೇಳ್ತಾರ. ನನಗ ಸಾಕಾಗ್ಯಾದ. ಕೂಸಿನ್ನ ಅಲ್ಲಿಂದ ಬಿಡಿಸ್ಬೇಕು ಅನಸ್ತದ."

ಏನು ಹೇಳಿದೆನೋ ನೆನಪಿಲ್ಲ.  ತಿರುಗಿ ಶೆಡ್ಡಿಗೆ ಬಂದರೆ ಹೆಂಡತಿ ಬಂದು ಮಾಪು ಹಿಡಿದಿದ್ದಳು. "ಐದು," ಎಂದು ಸುರಿದಳು. "ಆರು," ಎಂದು ಸುರಿದಳು. ನಾನು ಮಾತಾಡಲಿಲ್ಲ, ಅಳೆಯುವಾಗ ಮಾತಾಡಬಾರದಲ್ಲ. "ಹುಲುಸಾತು," ಎಂದು ಮಾಪು ಬೋರಲಿಟ್ಟು ಒಲೆಗೆ ಹೋದಳು. ಮೊಮ್ಮಗಳು ನನ್ನನ್ನೇ ನೋಡಿದಳು. ತುಟಿ ಅಲುಗಿತು. ನಾನು ಮುಖ ತಿರುಗಿಸಿದೆ.

ಎಣ್ಣೆ ನೋಡುವ ಕಡ್ಡಿ ಆಮೇಲಿನ ಕೆಲಸ. ಮೊದಲು ಒಂದು ನಿಮಿಷ ಎಂಜಿನ್ ನಡೆಸಿ ಹೊಸ ಫಿಲ್ಟರಿಗೆ ಎಣ್ಣೆ ತುಂಬಿಸಬೇಕು, ನಿಲ್ಲಿಸಿ, ಗಾಡಿಯನ್ನು ಸಮ ನೆಲಕ್ಕೆ ಇಳಿಸಿ, ಆಮೇಲೆ ಕಡ್ಡಿ ಎಳೆದು ನೋಡಬೇಕು. ಅಳತೆ ಗೊತ್ತಿದ್ದ ಮೇಲೆ ಅವಸರವೇನು ಎಂದುಕೊಂಡೆ. ನೆಲದ ಮೇಲೆ ನಿಂತೇ ಕೈ ಒಳಗೆ ಹಾಕಿ ಚಾವಿ ತಿರುಗಿಸಿದೆ.

ಮೊದಲ ಹೊಡೆತಕ್ಕೇ ಎದ್ದಿತು. ಅರ್ಧ ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಪೆಡಲಿನ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟ ಹಾಗೆ ದನಿ ಏರಿತು. ನಾನು ಕೆಳಗೆ ನೋಡಿದೆ. ಪೆಡಲಿನ ಮೇಲೆ ಏನೂ ಇರಲಿಲ್ಲ. ದನಿ ಮತ್ತೆ ಏರಿತು. ಚಾವಿ ತಿರುಗಿಸಿ ಹೊರಗೆಳೆದೆ. ಚಾವಿ ನನ್ನ ಅಂಗೈಯಲ್ಲಿತ್ತು. ಎಂಜಿನ್ ನಡೆಯುತ್ತಲೇ ಇತ್ತು.

ಇಷ್ಟು ವರ್ಷದಲ್ಲಿ ಅಂಥದನ್ನು ಕಿವಿಯಿಂದ ಕೇಳಿದ್ದೆ, ಕಣ್ಣಿಂದ ಕಂಡಿರಲಿಲ್ಲ. ದನಿ ಗುರುಗುಟ್ಟುವುದು ಬಿಟ್ಟು ಅಳುವ ಹಾಗಾಯಿತು, ಅಳು ಬಿಟ್ಟು ಚೀರುವ ಹಾಗಾಯಿತು. ಹಿಂದಿನಿಂದ ನೀಲಿ ಬಿಳಿ ಹೊಗೆ ಎದ್ದು ಶೆಡ್ಡು ತುಂಬಿತು. ತಗಡು ನಡುಗಿತು. ಗೂಟಕ್ಕೆ ತೂಗುಹಾಕಿದ ಪಾನಾಗಳು ತಾವೇ ಬಡಿದುಕೊಂಡವು. ಡೀಸೆಲ್ ಪೈಪು ಸಡಿಲಿಸಿದೆ. ಡೀಸೆಲ್ ನೆಲಕ್ಕೆ ಚೆಲ್ಲಿತು, ಎಂಜಿನ್ ಲೆಕ್ಕಕ್ಕೇ ತಗೊಳ್ಳಲಿಲ್ಲ. ಚಾವಿ ಇಲ್ಲ, ಡೀಸೆಲ್ ಇಲ್ಲ, ಏನು ತಿಂದು ನಡೆಯುತ್ತಿದೆ ಇದು?

ಗಾಡಿಯವನು ಫಿಲ್ಟರಿನ ಡಬ್ಬಿ ಹಿಡಿದು ಬಂದವನು ರಸ್ತೆಯಲ್ಲೇ ನಿಂತ. ಪಂಕ್ಚರಿನವನು ಓಡಿದ. "ಮಿಸ್ತ್ರಿ, ಹೊರಗ ಬರ್ರಿ! ಅದು ಒಡೀತದ!"

ಹೊರಗೆ ಹೋಗಬಹುದಿತ್ತು. ಆದರೆ ಹೊಗೆಯೊಳಗೆ ಮೊಮ್ಮಗಳು ಕಂಡಳು. ಡಬ್ಬಿಯಿಂದ ಎದ್ದು ಗಾಡಿಯ ಮುಂದೆ ಸುಮ್ಮನೆ ನಿಂತಿದ್ದಳು. ಚೀರಲಿಲ್ಲ. ಕಿವಿ ಮುಚ್ಚಲಿಲ್ಲ. ನನ್ನ ಕೈಗೆ ಆ ಗಾಡಿಯ ಎಣ್ಣೆ ಮೊಣಕೈಯ ತನಕ ಹತ್ತಿತ್ತು. ಕಟ್ಟು ನೆನಪಿಗೆ ಬಂತು, ಬಂದಷ್ಟೇ ಬೇಗ ಹೋಯಿತು. ಅವಳನ್ನು ಬಾಚಿ ಎತ್ತಿಕೊಂಡು ನಡುಬಾಗಿಲಿಗೆ ಓಡಿದೆ, ಹೆಂಡತಿಯ ಕೈಗೆ ಕೊಟ್ಟೆ. ಹಾಗೆ ಕೊಡುವಾಗ ಅವಳ ಹಿಂದೆ ರೊಟ್ಟಿ ಬಡಿಯುವ ಹಲಗೆ ಕಂಡಿತು.

ಆಗ ತಲೆ ಕೆಲಸ ಮಾಡಿತು. ಡೀಸೆಲ್ ಇಲ್ಲದೆ ನಡೆಯುವ ಎಂಜಿನ್ ತನ್ನ ಎಣ್ಣೆಯನ್ನೇ ತಾನು ತಿನ್ನುತ್ತಿದೆ. ಗೇರು ಹಾಕಿ ಕ್ಲಚ್ ಬಿಟ್ಟು ಅದರ ಉಸಿರು ಕಟ್ಟಿಸಬಹುದು, ಆದರೆ ಮುಂಭಾಗ ದಿಮ್ಮಿಯ ಮೇಲಿದೆ, ಒಮ್ಮೆ ಜಿಗಿದರೆ ಗಾಡಿ ನನ್ನ ಮೇಲೆ. ಉಳಿದದ್ದು ಒಂದೇ. ಎಂಥ ಎಂಜಿನ್ನಾದರೂ ಗಾಳಿ ಬೇಕು. ಅಂಗೈಯಿಂದ ಮುಚ್ಚಿದರೆ ಕೈ ಹೋಗುತ್ತದೆ, ಬಟ್ಟೆ ಇಟ್ಟರೆ ನುಂಗುತ್ತದೆ.

"ಹಲಗಿ ತಾ!"

"ಅದ್ರ ಮ್ಯಾಲ ರೊಟ್ಟಿ ಅದ!"

"ರೊಟ್ಟಿ ತಗದು ತಾ!"

ಹಲಗೆ ಬಂತು. ಎರಡೂ ಕೈಯಲ್ಲಿ ಹಿಡಿದು ಪೈಪಿನ ತೆರೆದ ಬಾಯಿಯ ಹತ್ತಿರ ಒಯ್ದೆ. ಹಲಗೆಯ ಮೇಲಿನ ಜೋಳದ ಹಿಟ್ಟು ಬಿಳಿ ಹೊಗೆಯಾಗಿ ಎದ್ದು ಸರ್ ಎಂದು ಪೈಪಿನೊಳಗೆ ಹೋಯಿತು. ಮರುಕ್ಷಣ ಹಲಗೆ ನನ್ನ ಕೈಯಿಂದ ಕಸಿದುಕೊಂಡ ಹಾಗೆ ಪೈಪಿಗೆ ಕಚ್ಚಿತು. ಒಳಗೆ ಯಾರೋ ಕುಳಿತು ಜಗ್ಗಿದ ಹಾಗೆ. ಎದೆಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಎಂಜಿನ್ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ಉಸಿರು ಬಿಟ್ಟು ನಿಂತಿತು.

ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಕಾದ ಕಬ್ಬಿಣ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು, ಅಷ್ಟೇ.

ಎಲ್ಲರೂ ಮೆಲ್ಲಗೆ ಬಂದರು. ಪಂಕ್ಚರಿನವನು ನನ್ನ ಬೆರಳಿಗೆ ಇನ್ನೂ ಸಿಕ್ಕಿಕೊಂಡಿದ್ದ ಚಾವಿ ನೋಡಿದ. ಅವನ ಹುಡುಗಾಟ ಎಲ್ಲ ಹೋಗಿತ್ತು.

"ಚಾವಿ ಕೈಯಾಗ ಅದ, ಗಾಡಿ ನಡದದ. ಇದು ಮನಷ್ಯಾರ ಕೆಲಸ ಅಲ್ಲ ಮಿಸ್ತ್ರಿ. ದೂಡಿ ಹೊರಗ ಹಾಕ್ರಿ. ನಿಂಬಿಕಾಯಿ ತರ್ತೀನಿ."

ಗಾಡಿಯವನ ಮುಖ ಬೂದಿಯಾಗಿತ್ತು. "ನಿನ್ನಿನಾಕಿ ಇಳದಿಲ್ಲ ಕಾಕಾ. ಇಳಿಸಿ ಬಂದೀನಿ ಅಂತ ತಿಳಕೊಂಡೆ."

ಹೆಂಡತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಕೂಸಿನ ಅಂಗಿಯ ಮೇಲೆ ನನ್ನ ಹತ್ತು ಬೆರಳ ಕರಿ ಗುರುತು. ಹೆಂಡತಿ ನನ್ನನ್ನು ನೋಡಿದಳು, ಗುರುತನ್ನು ನೋಡಿದಳು.

ಅವರು ಹೇಳಿದಂತೆ ದೂಡಿ ಹೊರಗೆ ಹಾಕಿದ್ದರೆ ಊರೆಲ್ಲ ಒಂದು ಕಥೆ ಆಗುತ್ತಿತ್ತು. ಆ ಕಥೆಯಲ್ಲಿ ನನ್ನ ಮೊಮ್ಮಗಳ ನಾಲಿಗೆಯನ್ನು ಈ ಗಾಡಿಯೇ ಕಟ್ಟಿದ್ದು ಎಂದು ಖಾಯಂ ಆಗುತ್ತಿತ್ತು. ಕಟ್ಟಿಸಿದವನು ನಾನು ಎಂದು ನನ್ನೊಳಗೂ ಖಾಯಂ ಆಗುತ್ತಿತ್ತು. ಸಂಜೆಯ ಹೊತ್ತಿಗೆ ಅವಳು ಹೋಗಿಬಿಡುತ್ತಿದ್ದಳು. ದೆವ್ವವೋ, ನನ್ನ ಕೈಯ ತಪ್ಪೋ, ನನಗೆ ಅಂದೇ ತಿಳಿಯಬೇಕಿತ್ತು.

"ದೂಡೋದು ಬ್ಯಾಡ. ಅಳೀತೀನಿ," ಎಂದೆ.

"ಏನ್ ಅಳೀತೀರಿ?"

"ಎಂಜಿನ್ ತನ್ನ ಎಣ್ಣಿ ತಾನೇ ತಿಂದದ. ತಿನ್ನಾಕ ಅದಕ್ಕ ಎಣ್ಣಿ ಎಲ್ಲಿಂದ ಸಿಕ್ತು, ನೋಡೂನು."

ಅರ್ಧ ತಾಸು ಆರಲು ಬಿಟ್ಟೆ. ಬುಟ್ಟಿ ತೊಳೆದು ಒರೆಸಿ ಕೆಳಗಿಟ್ಟು ಡ್ರೇನ್ ನಟ್ ಬಿಚ್ಚಿದೆ. ಬಂದ ಎಣ್ಣೆಯನ್ನು ಅದೇ ಲೀಟರ್ ಮಾಪಿನಲ್ಲಿ ಹಿಡಿದು ಇನ್ನೊಂದು ಡಬ್ಬಿಗೆ ಹಾಕುತ್ತ ಹೋದೆ. ಲಾಭ. ಎರಡು. ಮೂರು.  ಮೊಮ್ಮಗಳು ಆಯಿಯ ಸೆರ‍ಗಿನಿಂದ ಜಾರಿ ಬಂದು ತನ್ನ ಡಬ್ಬಿಯ ಮೇಲೆ ಕೂತಿದ್ದಳು. ನಾಲ್ಕು. ಐದು. ಆರು. ಬುಟ್ಟಿಯಲ್ಲಿ ಇನ್ನೂ ಎಣ್ಣೆ ಇತ್ತು. ಏಳು. ಅದರ ಮೇಲೆಯೂ ಮಾಪಿನ ತಳದಲ್ಲಿ ಮೂರು ಬೆರಳು.

ಆರು ಹಾಕಿದ್ದು, ಏಳು ದಾಟಿ ಬಂತು. ಸುಟ್ಟು ಹೊಗೆಯಾಗಿ ಹೋದದ್ದು ಬೇರೆ. 

"ನೀ ಎಷ್ಟ ಅಂದಿ?" ಹೆಂಡತಿಯನ್ನು ಕೇಳಿದೆ.

"ಆರು ಅಂದೀನಿ."

"ಆರು ಅಂದಿದ್ದು ನಾನೂ ಕೇಳೀನಿ."

"ಹಂಗಾದ್ರ ಮ್ಯಾಲಿಂದು ಯಾರು ಹಾಕಿದ್ರು?" ಪಂಕ್ಚರಿನವನ ದನಿ ಪಿಸುಗುಟ್ಟಿತು.

ಗಾಡಿಯವನು ಗಾಡಿಯ ಹಿಂಭಾಗದ ಕಡೆ ತಿರುಗಿ ಕೈ ಮುಗಿದ. ಬಿಸಿಲಿನಲ್ಲೂ ಆ ಆಳುದ್ದದ ಜಾಗ ಇನ್ನೂ ಒಣಗಿರಲಿಲ್ಲ.

ಆಗ ಶೆಡ್ಡಿನೊಳಗೆ ಒಂದು ದನಿ ಬಂತು. ಅದು ನಾವು ಯಾರೂ ಕೇಳಿರದ ದನಿ. ಬಹಳ ದಿನ ಜಂಗು ಹಿಡಿದಿದ್ದ ನಟ್ಟು ಮೊದಲ ಸುತ್ತು ತಿರುಗಿದ ಹಾಗೆ ಒರಟಾಗಿತ್ತು.

"ಮುತ್ಯಾ ಎಲ್ಡು. ಆಯಿ ಆರು."

ಪಂಕ್ಚರಿನವನು ಒಂದು ಹೆಜ್ಜೆ ಹಿಂದೆ ಸರಿದ. ಗಾಡಿಯವನು ಮುಗಿದ ಕೈ ಹಾಗೇ ಹಿಡಿದು ಗಾಡಿಯ ಹಿಂಭಾಗವನ್ನೇ ನೋಡಿದ, ಅಲ್ಲಿಂದ ಬಂತು ಎಂದುಕೊಂಡ. ನಾನೂ ಒಂದು ಕ್ಷಣ ಹಾಗೇ ತಿಳಿದೆ. ಹೆಂಡತಿ ಮಾತ್ರ ಡಬ್ಬಿಯ ಕಡೆ ನೋಡಿದಳು.

ಮೊಮ್ಮಗಳು ಮಾಪಿಗೆ ಬೆರಳು ತೋರಿಸಿದಳು. ನನಗೆ ತಿಳಿಯಲಿಲ್ಲವೆಂದು ಸಿಟ್ಟು ಬಂದವಳ ಹಾಗೆ ಇನ್ನೊಮ್ಮೆ, ಗಟ್ಟಿಯಾಗಿ, "ಮುತ್ಯಾ ಎಲ್ಡು! ಆಯಿ ಆರು!" ಎಂದಳು.

ಹೆಂಡತಿ ನೆಲಕ್ಕೆ ಕೂತುಬಿಟ್ಟಳು. ನಾನು ನಿಂತೇ ಇದ್ದೆ. ಮೊದಲು ಬಂದದ್ದು ಸಂತೋಷವಲ್ಲ, ಲೆಕ್ಕ. ನಾನು ಲಾಭ ಎಂದೆ, ಎರಡು ಎಂದೆ, ಫೋನಿಗೆ ಹೋದೆ. ಹೆಂಡತಿ ಬಂದಳು. ಸುರಿಯುವುದು ತನ್ನ ಕೆಲಸ, ಇವರಿನ್ನೂ ಶುರು ಮಾಡಿಲ್ಲ ಎಂದುಕೊಂಡು ತನ್ನ ಕೈಯಿಂದ ಮತ್ತೆ ಲಾಭ ಎಂದಳು. ನಾನು ಬಂದಾಗ ಐದು, ಆರು. ನನ್ನ ಎರಡರ ಮುಂದುವರಿಕೆ ಎಂದು ನಾನು ತಿಳಿದೆ. ಕಣದಲ್ಲಾಗಿದ್ದರೆ ಮರದಲ್ಲಿ ಎರಡು ಹಿಡಿ ಜೋಳ ಇರುತ್ತಿತ್ತು. ಇಲ್ಲಿ ಗುರುತು ಇಟ್ಟವರು ಯಾರೂ ಇರಲಿಲ್ಲ. ಆ ಡಬ್ಬಿಯ ಮೇಲೆ ಕೂತಿದ್ದವಳು ಇಟ್ಟಿದ್ದಳು. ಅವಳು ಬೆಳಗಿನಿಂದ ತುಟಿ ಅಲುಗಿಸುತ್ತಿದ್ದುದು ಯಾರೊಡನೆಯೂ ಅಲ್ಲ. ಎಣಿಸುತ್ತಿದ್ದಳು. ಹನಿಯನ್ನು, ಮಾಪನ್ನು, ಎಲ್ಲವನ್ನೂ.

ಎಂಟು ಲೀಟರ್. ಸವೆದ ಎಂಜಿನ್ನು, ಮುಂಭಾಗ ಎತ್ತಿದ ಗಾಡಿ. ಹೆಚ್ಚಿನ ಎಣ್ಣೆ ಒಳಗೆ ನೊರೆಯಾಗಿ, ಉಸಿರು ಬಿಡುವ ಪೈಪಿನಿಂದ ಗಾಳಿ ಪೈಪಿಗೆ ಹತ್ತಿ ಉರಿದಿದೆ. ದೆವ್ವ ಎಂದರೆ ನನ್ನ ಎರಡು ಲೀಟರ್ ಮರೆವು.

ಆಮೇಲೆ ಸಂತೋಷ ಬಂತು. ಬಂದು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳನ್ನು ಎತ್ತಿಕೊಂಡೆ, ಕರಿ ಕೈಯಲ್ಲೇ. ಹೆಂಡತಿ ಬೇಡ ಎನ್ನಲಿಲ್ಲ. ಪಂಕ್ಚರಿನವನು ಕಣ್ಣೊರೆಸಿಕೊಂಡು, "ಐದು ವರ್ಷ ಸುಮ್ನಿದ್ದು ಮೊದಲನೇ ಮಾತಿಗೇ ಮುತ್ಯಾನ ತಪ್ಪು ಹಿಡದ್ಯಲ್ಲವ್ವ! ನೀ ಗ್ಯಾರಂಟಿ ತಾಸೀಲ್ದಾರ ಆಗ್ತಿ," ಎಂದ.

ಗಾಡಿ ಹಾಗೇ ಇತ್ತು, ಕೆಲಸ ಬಿಡುವ ಹಾಗಿರಲಿಲ್ಲ. ಗಾಳಿ ಪೈಪುಗಳನ್ನೆಲ್ಲ ಬಿಚ್ಚಿ ಒಳಗೆ ನಿಂತ ಎಣ್ಣೆ, ಹಿಟ್ಟು ಎಲ್ಲ ಒರೆಸಿ ತೆಗೆದೆ. ಒಂದು ಹನಿ ಉಳಿದರೂ ಅದು ಮತ್ತೆ ಚೀರುತ್ತದೆ. ಆ ಎಣ್ಣೆ ಫಿಲ್ಟರನ್ನೂ ಬಿಚ್ಚಿ ಇನ್ನೊಂದು ಹಾಕಿದೆ. ಸಡಿಲಿಸಿದ್ದ ಡೀಸೆಲ್ ಪೈಪು ಬಿಗಿದು, ಮುಂಭಾಗ ಇಳಿಸಿ ಸಮ ಮಾಡಿದೆ. ಹೊಸ ಎಣ್ಣೆ ಹೆಂಡತಿ ಸುರಿದಳು, ಮೊಮ್ಮಗಳು ಎಣಿಸಿದಳು. ಈ ಸಲ ಮೊದಲೇ ಕಡ್ಡಿ ಎಳೆದು ನೋಡಿದೆ. ಚಾವಿ ಗಾಡಿಯವನ ಕೈಗೆ ಕೊಟ್ಟರೆ ಅವನು ಮುಟ್ಟಲಿಲ್ಲ.

"ನೀವೇ ಹಚ್ರಿ ಕಾಕಾ."

ಗಾಳಿ ಪೈಪಿನ ಬಾಯಿ ತೆರೆದೇ ಇಟ್ಟು, ಅದರ ಪಕ್ಕ ಹೆಂಡತಿಯನ್ನು ಹಲಗೆ ಹಿಡಿಸಿ ನಿಲ್ಲಿಸಿದೆ. ಚಾವಿ ತಿರುಗಿಸಿದೆ. ಎಂಜಿನ್ ಎದ್ದಿತು. ಕಾದೆ. ಎಲ್ಲರ ಕಣ್ಣು ಪೆಡಲಿನ ಮೇಲೆ. ದನಿ ಏರಲಿಲ್ಲ. ಚಾವಿ ತೆಗೆದೆ.

ನಿಂತಿತು.

ಹೊಸ ಗಾಳಿ ಫಿಲ್ಟರ್ ಕೂಡಿಸಿ ಡಬ್ಬಿ ಮುಚ್ಚಿದೆ. ಚುರುಮುರಿಯನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ. ಗಾಡಿಯವನು ಅದನ್ನು ಕಾಗದದಲ್ಲಿ ಕಟ್ಟಿಕೊಂಡ, ಹಳ್ಳಕ್ಕೆ ಬಿಡುತ್ತೇನೆ ಎಂದ.

ಸಂಜೆ ಮಗಳು ಅಳಿಯ ಬಂದಾಗ ಗಾಡಿ ಇನ್ನೂ ಶೆಡ್ಡಿನಲ್ಲೇ ಇತ್ತು. ನಾನೇ ನಿಲ್ಲಿಸಿಕೊಂಡಿದ್ದೆ. ಹೆಂಡತಿ ಗಾಡಿಯವನಿಗೆ, "ಉಂಡು ಹೋಗಪ್ಪ," ಎಂದಿದ್ದಳು. "ಮಂದಿ ಮನ್ಯಾಗ ನಾ ಉಣ್ಣಂಗಿಲ್ಲವ್ವ, ಯಾರೂ ಕರ್ಯಂಗಿಲ್ಲ," ಎಂದ. "ನಾ ಕರದೀನಲ್ಲ," ಎಂದಳು.

ಗಾಡಿ ನೋಡಿದೊಡನೆ ಮಗಳ ಮುಖ ಬಿಗಿಯಿತು. "ಇಲ್ಲಂದ್ರ ಇಲ್ಲ ಅಂದಿ ಯಪ್ಪಾ."

"ಸುಳ್ಳ ಹೇಳ್ದೆ." ನಿಂತಲ್ಲೇ ಎಲ್ಲ ಹೇಳಿದೆ. ಐದು ವರ್ಷದ ಹಿಂದಿನದನ್ನೂ. "ಅವತ್ತ ನಾ ಕೈ ತೊಳೀದೇ ಎತ್ತಿದ್ದೆವ್ವ. ಯಾರಿಗೂ ಹೇಳಿದ್ದಿಲ್ಲ."

ಮಗಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನನಗ ಗೊತ್ತದ," ಎಂದಳು. "ಕೂಸಿನ ಅಂಗಿ ಮ್ಯಾಲ ನಿನ್ನ ಬೆರಳಿನ ಗುರುತು ಇತ್ತು. ಹಿಂಡಿದ್ರೂ ಹೋಗ್ಲಿಲ್ಲ. ಆ ಅಂಗಿ ಇನ್ನಾ ನನ್ನ ಟ್ರಂಕಿನ್ಯಾಗ ಅದ. ಮುತ್ಯಾ ಎತ್ತಿಕೊಂಡಿದ್ದು ಅಂತ ಇಟ್ಟೀನಿ." ಅಷ್ಟರಲ್ಲಿ ಒಳಗಿನಿಂದ ಒಂದು ಒರಟು ದನಿ, "ಅವ್ವಾ," ಎಂದಿತು. ಮಗಳ ಚೀಲ ಕೈಯಿಂದ ಬಿತ್ತು.

ರಾತ್ರಿಯ ಊಟಕ್ಕೆ ಎಲ್ಲರೂ ಸುತ್ತ ಕೂತೆವು. ಗಾಡಿಯವನು ಹೊಸ್ತಿಲ ಹತ್ತಿರ ಕೂತ, ಅಳಿಯ ಕೈ ಹಿಡಿದು ಒಳಗೆ ಎಳೆದುಕೊಂಡ. ಹೆಂಡತಿ ಹಲಗೆಯನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ್ದಳು. ಆದರೂ ಪೈಪಿನ ಬಾಯಿಯ ಉಂಗುರ ಅರ್ಧ ಉಳಿದಿತ್ತು. ಆ ಹಲಗೆಯ ಮೇಲೆಯೇ ರೊಟ್ಟಿ ಬಡಿದಿದ್ದಳು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ.

ಮೊಮ್ಮಗಳು ರೊಟ್ಟಿ ಬುಟ್ಟಿ ಯಾರಿಗೂ ಕೊಡಲಿಲ್ಲ, ತಾನೇ ಬಡಿಸುತ್ತೇನೆ ಎಂದು ಹಿಡಿದುಕೊಂಡಳು. ಸುತ್ತ ನೋಡಿದಳು. ಮೊದಲ ರೊಟ್ಟಿಯನ್ನು ಗಾಡಿಯವನ ತಾಟಿಗೆ ಹಾಕಿದಳು.

"ಲಾಭ."

ಅವನು ತಲೆ ಎತ್ತಲಿಲ್ಲ. ಅವಳು ಮುಂದೆ ಸರಿದಳು. ಅಪ್ಪನಿಗೆ ಎಲ್ಡು. ಅವ್ವನಿಗೆ ಮೂರು. ಮಗಳು ಏನೋ ಹೇಳಲು ಬಾಯಿ ತೆರೆದಳು, ನಾನು ಬೇಡವೆಂದು ತಲೆ ಆಡಿಸಿದೆ. ಆಯಿಗೆ ನಾಲ್ಕು. ನನಗೆ ಐದು. ಕೊನೆಗೆ ತನ್ನ ತಾಟಿನ ಮುಂದೆ ಕೂತು, ತನಗೆ ತಾನೇ ಆರು ಎಂದು ಹಾಕಿಕೊಳ್ಳುವ ತನಕ ಯಾರೂ ಒಂದು ತುತ್ತು ಮುರಿಯಲಿಲ್ಲ, ಯಾರೂ ಮಾತಾಡಲಿಲ್ಲ. ಅಳೆಯುವಾಗ ನಡುವೆ ಮಾತಾಡಬಾರದು.

ಆಮೇಲೆ ಎಲ್ಲರೂ ಉಂಡೆವು.